ಹರಗೋಲಿನಲ್ಲಿ ಏಳಬಾರದು

ಹೊಳೆಯ ಮೇಲೆ ನಾಲ್ಕು ದಿನ ತಿರುಗಿ ಬರೋಣವೇ, ನಮಗೆ ಒಗ್ಗೀತೇ ಎಂದು ಈಗಿನವರು ನನ್ನನ್ನು ಕೇಳುತ್ತಾರೆ. ನಮ್ಮ ಓಣಿಯಲ್ಲಿ ಗೋದಾವರಿಯ ಲಾಂಚಿ, ಎಂದರೆ ಎಂಜಿನ್ನಿನ ದೊಡ್ಡ ದೋಣಿ, ಹತ್ತಿದ ಮುದುಕಿ ನಾನೊಬ್ಬಳೇ ಎಂದು ಕೇಳುತ್ತಾರೆಯೇ ಹೊರತು ನನ್ನ ಜಾಣತನ ಕಂಡಲ್ಲ. ಈಜು ಬರುತ್ತದೆಯೇ, ತಲೆ ಸುತ್ತುತ್ತದೆಯೇ ಎಂದು ನಾನು ವಿಚಾರಿಸುವುದಿಲ್ಲ. ಕೂತಲ್ಲಿ ಕೂರಲು ಬರುತ್ತದೆಯೇ ಎಂದಷ್ಟೇ ಕೇಳುತ್ತೇನೆ. ಅವರು ನಗುತ್ತಾರೆ. ಕೂರುವುದು ಯಾರಿಗೆ ಬರುವುದಿಲ್ಲ ಎನ್ನುತ್ತಾರೆ. ನನಗೆ ಬರುತ್ತಿರಲಿಲ್ಲ.

ನನ್ನ ತವರು ಕುಷ್ಟಗಿಯ ಕಡೆ. ಅಲ್ಲಿ ನೀರು ಎಂದರೆ ಬಾವಿ, ಬಾವಿ ಎಂದರೆ ಹಗ್ಗ, ಹಗ್ಗ ಎಂದರೆ ಅಂಗೈಯ ಬೊಬ್ಬೆ. ಹರಿಯುವ ನೀರೆಂದರೆ ಮಳೆಗಾಲದ ಹಳ್ಳ. ಒಂದು ದಿನ ಕೆಂಪಗೆ ಓಡಿ ಮರುದಿನ ಮರಳು ತೋರಿಸುವಂಥದ್ದು. ಗಂಗಾವತಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಯಾರೂ ಸೇದದೆ ಯಾರೂ ಹೊರದೆ ಕಾಲುವೆಯ ನೀರು ತಾನಾಗಿ ಗದ್ದೆಗೆ ನಡೆದು ಹೋಗುವುದನ್ನು ಕಂಡು ನನಗೆ ಹೊಟ್ಟೆಕಿಚ್ಚೇ ಆಗಿತ್ತು. ನಮ್ಮವ್ವನ ಅಂಗೈ ನೆನಪಾಗಿತ್ತು.

ಮಾವನವರದು ಅಕ್ಕಿ ವ್ಯಾಪಾರ. ಅವರಿಗೆ ಗೋಣಿಚೀಲ ಕಳಿಸುತ್ತಿದ್ದವರು ರಾಜಮಹೇಂದ್ರಿಯ ಒಬ್ಬ ಸಾಹುಕಾರರು, ಮಾವನ ವಯಸ್ಸಿನವರೇ. ಯುದ್ಧದ ಸುದ್ದಿ ಇನ್ನೂ ನಮ್ಮ ಕಡೆ ಬಂದಿರಲಿಲ್ಲ, ಸೀಮೆಎಣ್ಣೆ ಸುಲಭವಾಗಿ ಸಿಗುತ್ತಿದ್ದ ಕಾಲ. ಒಂದು ಸಲ ಅವರು ವ್ಯಾಪಾರದ ನಿಮಿತ್ತ ಬಂದು ನಮ್ಮಲ್ಲೇ ಉಳಿದರು. ಊಟದ ಹೊತ್ತಿನಲ್ಲಿ, ದೀಪಾವಳಿ ಕಳೆದ ಮೇಲೆ ತಾವು ಮನೆಮಂದಿಯನ್ನೆಲ್ಲ ಕರೆದುಕೊಂಡು ಗೋದಾವರಿಯಲ್ಲಿ ಲಾಂಚಿ ಮಾಡಿಕೊಂಡು ಭದ್ರಾಚಲದವರೆಗೆ ಹೋಗುವುದಾಗಿ ಹೇಳಿದರು. ಹೋಗಿ ಬರಲು ನಾಲ್ಕು ದಿನ. ಎರಡೂ ಕಡೆ ಬೆಟ್ಟ, ನಡುವೆ ನೀರು, ಮಾಡಲು ಏನೂ ಕೆಲಸವಿಲ್ಲ. ಈ ಸಲ ನಿಮ್ಮ ಮಗ ಸೊಸೆ ಇಬ್ಬರೂ ಬರಲೇಬೇಕು ಎಂದು ಹಟ ಹಿಡಿದರು. ಬಾಗಿಲ ಹಿಂದೆ ನಿಂತಿದ್ದ ನನಗೆ ಅವರ ತೆಲುಗಿನಲ್ಲಿ ಆಗಲೇ ತಿಳಿದದ್ದು ಈ ಕಡೆಯ ಮಾತೊಂದೇ, ಉಳಿದದ್ದು ಆಮೇಲೆ ತಿಳಿಯಿತು.

ಮಾವ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅತಿಥಿಗಳು ಹೋದ ಮೇಲೆ ಅತ್ತೆಯ ಕಡೆ ತಿರುಗಿ, "ಆಕೀನ್ನ ಕೇಳು. ನೀರಿನ ಮ್ಯಾಲೆ ಹೋಗಾಕಿ ಆಕಿ," ಎಂದರು.

ಆಕಿ ಎಂದರೆ ನಾನು, ಅಲ್ಲೇ ಮೂರು ಮಾರು ದೂರದಲ್ಲಿದ್ದೆ. ಮಾವ ಸೊಸೆಯೊಂದಿಗೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಆದರೆ ಅಂದು ನನ್ನನ್ನು ನಡುಗಿಸಿದ್ದು ಅದಲ್ಲ. ನಿನಗೆ ಬೇಕೇ ಎಂದು ಯಾರಾದರೂ ನನ್ನನ್ನು ಕೇಳಿದ್ದು ಅದೇ ಮೊದಲು. ಲಗ್ನಕ್ಕೆ ಕೇಳಿರಲಿಲ್ಲ, ಸೀರೆಯ ಬಣ್ಣಕ್ಕೆ ಕೇಳಿರಲಿಲ್ಲ, ಇಷ್ಟು ದೊಡ್ಡ ಸಂಗತಿಗೆ ಕೇಳಿಬಿಟ್ಟರು.

ಗಂಡ ತಾವೂ ಕೇಳಿದರು, ಅಂಗಡಿಗೆ ಹೊರಟವರು ಹೊಸ್ತಿಲಲ್ಲಿ ನಿಂತು, ಗೋಡೆಯ ಕಡೆ ನೋಡುತ್ತ. "ಹುಲಿಗೆಮ್ಮನ ಗುಡಿಗೆ ಹೋಗ್ತೀವಲ್ಲ, ಅಷ್ಟರಾಗ ಹೇಳು. ನೀ ಒಲ್ಲೆ ಅಂದ್ರ ನನ್ನ ತಮ್ಮನ್ನ ಕರ್ಕೊಂಡು ಹೋಗ್ತೀನಿ."

ಒಲ್ಲೆ ಎಂದರೆ ಅವರು ಸಿಟ್ಟಾಗುತ್ತಿರಲಿಲ್ಲ. ಆದರೆ ಮತ್ತೊಮ್ಮೆ ಕೇಳುತ್ತಲೂ ಇರಲಿಲ್ಲ. ಅಷ್ಟರಮಟ್ಟಿಗೆ ನನಗೆ ಆ ಮನುಷ್ಯ ಗೊತ್ತಿದ್ದರು. ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ, ಕಷ್ಟ ಇದ್ದದ್ದೇ ಅಲ್ಲಿ. ತುಂಬಿದ ಮನೆಯಲ್ಲಿ ಹಗಲು ಹೊತ್ತು ಗಂಡಹೆಂಡಿರು ಎದುರುಬದುರು ಕೂತು ಮಾತಾಡುವುದು ಉಂಟೇ? ಅವರು ಉಣ್ಣುವಾಗ ನಾನು ನಿಂತು ಬಡಿಸುತ್ತಿದ್ದೆ, ನಾನು ಉಣ್ಣುವಾಗ ಅವರು ಅಂಗಡಿಯಲ್ಲಿರುತ್ತಿದ್ದರು. ಈಗ ನಾಲ್ಕು ದಿನ ಲಾಂಚಿಯಲ್ಲಿ, ಬೀಸುವ ಕಲ್ಲಿಲ್ಲ, ಒಲೆ ಇಲ್ಲ, ನೆವ ಹೇಳಿ ಎದ್ದು ಹೋಗಲು ಹಿತ್ತಿಲಿಲ್ಲ. ಏನು ಮಾತಾಡುವುದು? ಕುಷ್ಟಗಿಯ ಬಾವಿಯ ಕಥೆ ಎಷ್ಟು ಹೊತ್ತು ಹೇಳುವುದು? ಎರಡನೆಯ ದಿನಕ್ಕೇ ಅವರಿಗೆ ನಾನು ಬೇಸರವಾಗಿಬಿಟ್ಟರೆ? ಮುಳುಗಿ ಸಾಯುವ ಭಯಕ್ಕಿಂತ ಈ ಭಯ ದೊಡ್ಡದಿತ್ತು. ಹೋಗುವ ಆಸೆ ಇದಕ್ಕೂ ದೊಡ್ಡದಿತ್ತು ಎಂಬುದನ್ನು ಮುಚ್ಚಿಡುವುದೇಕೆ.

ಕೈ ಖಾಲಿ ಇಟ್ಟುಕೊಂಡು ಕೂತ ಅಭ್ಯಾಸ ನಮಗೆ ಯಾರಿಗೂ ಇರಲಿಲ್ಲ. ಮುಗಿಯದ ಮನೆಗೆಲಸ ಒಂದು ಕಾರಣವಾದರೆ ಇನ್ನೊಂದು ಮಾವನ ಕೆಮ್ಮು. ಅವರು ಪಡಸಾಲೆಗೆ ಬರುವ ಮುಂಚೆ ಒಮ್ಮೆ ಕೆಮ್ಮುತ್ತಿದ್ದರು. ಕೆಮ್ಮು ಬಾರದ ಕೆಮ್ಮು ಅದು, ಒಳಗಿನ ಹೆಂಗಸರಿಗೆ ಕೊಡುವ ಸೂಚನೆ. ಕೇಳಿದ್ದೇ ತಡ, ಯಾವ ಕೆಲಸದಲ್ಲಿದ್ದರೂ ಸೆರಗು ತಲೆಗೆಳೆದು ಎದ್ದು ನಿಲ್ಲಬೇಕು. ಮಗುವಿಗೆ ಹಾಲು ಕುಡಿಸುತ್ತಿದ್ದವಳೂ ಏಳಬೇಕು. ಮೊಣಕಾಲು ನೋವಿನ ಅತ್ತೆ ಕೂಡ ಬಾಗಿಲ ಚೌಕಟ್ಟು ಹಿಡಿದು ಏಳುತ್ತಿದ್ದರು. ಮಾವ ಒಳ್ಳೆಯವರು, ಯಾರನ್ನೂ ಗದರಿದವರಲ್ಲ. ಏಳಬೇಡಿ ಎಂದವರೂ ಅಲ್ಲ.

ಅತ್ತೆ ಈ ಪ್ರವಾಸದ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದರು. "ಕುಂತು ಉಂಡ್ರ ಕುಡಿಕಿ ಹೊನ್ನು ಸಾಲಂಗಿಲ್ಲ. ನಾಕು ದಿನ ನೀರು ನೋಡಾಕ ಹೋಗಬೇಕಾ? ನಮ್ಮ ಹಂಡೇದಾಗ ನೀರು ಐತಲ್ಲ, ನೋಡು."

ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮಾವನಿಂದ ಅಷ್ಟನ್ನಾದರೂ ಕಲಿತಿದ್ದೆ.

ಹೊಳೆದಂಡೆಯ ಹುಲಿಗಿಗೆ ಹೋಗುವ ದಿನ ಬಂತು. ಗಾಡಿ ಕಟ್ಟಿಕೊಂಡು ಎಲ್ಲರೂ ಹೋಗಿದ್ದೆವು. ತಾಯಿಗೆ ಉಡಿ ತುಂಬಿ ಹೊರಗೆ ಬಂದಾಗ ಗಂಡ ಮೆಲ್ಲಗೆ, "ಹೊಳಿಗೆ ಹೋಗೂಣು ಬಾ. ಒಂದು ಸುತ್ತು ಹರಗೋಲದಾಗ ಕುಂತು ನೋಡು. ಒಗ್ಗಿದ್ರ ಹೋಗೂಣು, ಇಲ್ಲಾಂದ್ರ ಬಿಡೂಣು," ಎಂದರು. ಅಂಗಡಿಯವರಲ್ಲವೇ, ಅಕ್ಕಿಯನ್ನು ಚೀಲದಿಂದ ಒಂದು ಹಿಡಿ ತೆಗೆದು ನೋಡಿಯೇ ಕೊಳ್ಳುವವರು. ಅತ್ತೆ ದಂಡೆಯ ಮೇಲೆ ನಿಂತು, "ಚರ್ಮದ ಬುಟ್ಟಿಯಾಗ ಕುಂದ್ರತೀಯಾ? ಮನಿಗೆ ಹೋಗಿ ತಲಿಮ್ಯಾಲೆ ಸ್ನಾನ ಮಾಡಬೇಕಾಗತೈತಿ ನೋಡು," ಎಂದು ಎಚ್ಚರಿಸಿದರು. ಮಾವ ಇನ್ನೂ ಗುಡಿಯಲ್ಲಿದ್ದರು.

ಹರಗೋಲು ಕಂಡವರಿಗೆ ಗೊತ್ತು, ಬಿದಿರು ಹೆಣೆದು ಚರ್ಮ ಹೊದಿಸಿದ ದುಂಡು ಬುಟ್ಟಿ ಅದು. ಅದಕ್ಕೆ ಹಿಂದಿಲ್ಲ, ಮುಂದಿಲ್ಲ, ಗಂಡಸರ ಕಡೆ ಹೆಂಗಸರ ಕಡೆ ಎಂಬುದಿಲ್ಲ. ನಾನು ಹತ್ತಿದವಳೇ ಗಂಡನಿಗೆ ಬೆನ್ನು ಮಾಡಿ ಕೂರಲು ಹೋದೆ. ಅಂಬಿಗ ಬಿಡಲಿಲ್ಲ.

"ಸಾವ್ಕಾರ್ರ ಆ ಕಡಿ ಕುಂದರ್ರಿ. ಯವ್ವಾ, ನೀವು ಈ ಕಡಿ. ಮಾರಿ ಒಳಗ ಮಾಡ್ರಿ. ತೂಕ ಸರಿ ಇರಬೇಕ್ರಿ, ಇಲ್ಲಾಂದ್ರ ಹರಗೋಲು ಡಬ್ಬ ಬೀಳತೈತಿ."

ಹೀಗೆ ಹಾಡಹಗಲು, ಹುಲಿಗಿಗೆ ಬಂದ ಮಂದಿಯೆಲ್ಲ ನೋಡುತ್ತಿರುವಾಗ, ನಾನು ನನ್ನ ಗಂಡನ ಎದುರು ಕೂತೆ. ನಾನು ಕಾಲುಂಗುರ ನೋಡುತ್ತಿದ್ದೆ, ಅವರು ಹೊಳೆ ನೋಡುತ್ತಿದ್ದರು. ಹರಗೋಲು ನಿಧಾನಕ್ಕೆ ತಿರುಗುತ್ತ ಹೊರಟಿತು. ಗುಡಿ ಬಂತು, ಬಂಡೆಗಳು ಬಂದವು, ಆಚೆ ದಂಡೆಯ ಹಸಿರು ಬಂತು, ಮತ್ತೆ ಗುಡಿ. ತಲೆ ಸುತ್ತಲಿಲ್ಲ. ನೀರಿನ ತಂಪು ಕೆಳಗಿನಿಂದ ತೊಡೆಗೆ ತಾಗುತ್ತಿತ್ತು.

"ಬಿಸಲು ಕಣ್ಣಿಗೆ ಹೊಡೀತೈತೇನು?" ಎಂದರು ಅವರು.

"ಇಲ್ರಿ."

"ನೀ ಸಣ್ಣಾಕಿ ಇದ್ದಾಗ ಹೊಳಿ ನೋಡೇ ಇಲ್ಲೇನು?"

"ಇಲ್ರಿ. ಬರೇ ಬಾವಿ," ಎಂದೆ. ಅದಕ್ಕೆ ಅವರು ನಕ್ಕರು. ಬಾವಿಯ ಕಥೆ ಹೇಳಬಹುದು ಎನಿಸಿತು. ಬಾಯಿ ತೆರೆದೆ.

ಅಷ್ಟರಲ್ಲಿ ಮಾವ ಗುಡಿಯಿಂದ ಬಂದು ದಂಡೆಗೆ ಇಳಿದರು. ಇಳಿದವರು ವಾಡಿಕೆಯಂತೆ ಕೆಮ್ಮಿದರು.

ನನ್ನ ಕಾಲು ನನ್ನನ್ನು ಕೇಳಲಿಲ್ಲ. ನೀರಿನ ಮೇಲೆ ತೇಲಿ ಬಂದ ಆ ಕೆಮ್ಮು ಕಿವಿಗೆ ಬಿದ್ದದ್ದೇ ಸೆರಗೆಳೆದು ಎದ್ದು ನಿಂತೆ. ನಡುಹೊಳೆಯಲ್ಲಿ! ಹರಗೋಲು ಒಂದು ಕಡೆ ವಾಲಿತು, ನೀರು ಧಡಕ್ಕನೆ ಒಳಗೆ ನುಗ್ಗಿತು, ಗಂಡ ಆಚೆ ಅಂಚಿಗೆ ಬೆನ್ನು ಕೊಟ್ಟು ಒರಗಿದರು. ಅಂಬಿಗ ಹುಟ್ಟು ಬಿಟ್ಟು ನನ್ನ ಸೀರೆಯನ್ನೇ ಹಿಡಿದು ಜಗ್ಗಿದ.

"ಕುಂದರಬೇ ಯವ್ವಾ! ಹರಗೋಲದಾಗ ಸ್ವತಃ ಹುಲಿಗೆಮ್ಮ ಬಂದ್ರೂ ಏಳಬಾರದು!"

ದಂಡೆಯಿಂದ ಇನ್ನೊಂದು ದನಿ ಬಂತು. "ಕುಂದ್ರವ್ವಾ! ಕುಂದ್ರು!" ಮಾವ ಎರಡೂ ಕೈ ಎತ್ತಿ ಕೂಗುತ್ತಿದ್ದರು. ನಾನು ಆ ಮನೆಗೆ ಬಂದ ಮೇಲೆ ಅವರು ನನ್ನೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಕುಸಿದು ಕೂತೆ. ಹರಗೋಲು ತೂಗಾಡಿ ಸಮವಾಯಿತು. ಮೊಣಕಾಲಿನವರೆಗೆ ಸೀರೆ ಒದ್ದೆ. ದಂಡೆಗೆ ಹೋಗೋಣ ಎಂದರು ಗಂಡ. ಅಂಬಿಗ ಒಪ್ಪಲಿಲ್ಲ. ಹೆದರಿ ಇಳಿದವರು ಮತ್ತೆ ಹತ್ತುವುದಿಲ್ಲ ಎಂದು ಹೇಳಿ, ತೆಂಗಿನ ಚಿಪ್ಪಿನಿಂದ ನೀರು ಮೊಗೆದು ಚೆಲ್ಲಿ, ಇನ್ನೊಂದು ಸುತ್ತು ತಿರುಗಿಸಿದ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು, ನಾನೂ ಸುಮ್ಮನಾದೆ.

ಆ ಸುತ್ತಿನಲ್ಲಿ ಹರಗೋಲು ತಿರುಗಿದಾಗೆಲ್ಲ ಮಾವ ಕಾಣುತ್ತಿದ್ದರು. ಗಾಬರಿಯಿಂದ ಇನ್ನೂ ನಿಂತೇ ಇದ್ದರು. ಅವರು ನಿಂತಿದ್ದರು, ನಾನು ಕೂತಿದ್ದೆ. ಬಂಡೆ ಬಂತು, ಹಸಿರು ಬಂತು, ಮತ್ತೆ ಮಾವ ಬಂದರು, ನಾನು ಕೂತೇ ಇದ್ದೆ. ಯಾರಿಗೂ ಅದು ತಪ್ಪೆನಿಸಲಿಲ್ಲ. ಎದ್ದರೆ ತಪ್ಪು! ನನಗೆ ಒಳಗೊಳಗೇ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅಷ್ಟು ಸುಖವಾಗಿ ನಾನು ಎಲ್ಲಿಯೂ ಕೂತಿರಲಿಲ್ಲ.

ದಂಡೆಗೆ ಬಂದದ್ದೇ ಅತ್ತೆ ನನ್ನ ಸೀರೆಯ ಅಂಚು ಹಿಂಡುತ್ತ, "ನೋಡಿದಿರಾ? ಆಕಿಗೆ ನೀರು ಒಗ್ಗಂಗಿಲ್ಲ," ಎಂದು ಎಲ್ಲರಿಗೂ ಸಾರಿದರು.

ಗಂಡ ತಲೆ ತಗ್ಗಿಸಿದರು. "ಹೋಗಲಿ ಬಿಡವ್ವಾ. ತಮ್ಮನ್ನ ಕರ್ಕೊಂಡು ಹೋಗ್ತೀನಿ."

ಇನ್ನೊಂದು ಕ್ಷಣ ಸುಮ್ಮನಿದ್ದರೆ ಮಾತು ಮುಗಿದು ಹೋಗುತ್ತಿತ್ತು. ಮಾವ ಅಲ್ಲೇ ಇದ್ದರು, ನಾನು ತಲೆ ತುಂಬ ಸೆರಗು ಹೊದ್ದು, ತೊಯ್ದ ಕೋಳಿಯಂತೆ ನಿಂತಿದ್ದೆ. ಆದರೂ ಎಲ್ಲರಿಗೂ ಕೇಳುವಂತೆ ಹೇಳಿದೆ, "ನನಗ ಒಗ್ಗತೈತ್ರಿ."

 ಮಾವ ಹೊಳೆಯ ಕಡೆ ನೋಡಿ, ಎಂದಿನಂತೆ ಅತ್ತೆಗೆ ಹೇಳಿದರು. "ಆಕಿಗೆ ಒಗ್ಗತೈತಂತ. ಹೋಗಿ ಬರಲಿ."

ಮನೆಗೆ ಬಂದು ತಲೆಯ ಮೇಲೆ ಸ್ನಾನ ಮಾಡಿ ಅಡುಗೆಮನೆಗೆ ಹೋದಾಗ ಅತ್ತೆ ಒಬ್ಬರೇ ಸೊಪ್ಪು ಸೋಸುತ್ತಿದ್ದರು. ಸೊಪ್ಪಿನಿಂದ ತಲೆಯೆತ್ತದೆ ಕೇಳಿದರು. "ಅವರು ನಿಂತಿದ್ರು, ನೀ ಕುಂತಿದ್ದಿ, ಹೌದಿಲ್ಲೋ?"

"ಹೌದ್ರೀ ಅತ್ತಿ."

ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು, ಮೈ ಕುಲುಕುವಂತೆ ನಕ್ಕರು. ಆಮೇಲೆ ಮೊಣಕಾಲು ತಿಕ್ಕಿಕೊಳ್ಳುತ್ತ, "ಹೋಗಿ ಬಾ. ನಾಕು ದಿನ ಛಲೋತ್ನಂಗ ಕುಂತು ಬಾ," ಎಂದರು. ದಾರಿಗೆ ಬೇಕಾದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲವನ್ನೂ ನನಗೆ ಮುಟ್ಟಗೊಡದೆ ತಾವೇ ಮಾಡಿ ಕಟ್ಟಿದರು.

ಕೊಪ್ಪಳದಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಬದಲಿಸಿ, ಮತ್ತೆ ಬೆಜವಾಡದಲ್ಲಿ ಬದಲಿಸಿ ರಾಜಮಹೇಂದ್ರಿ ಮುಟ್ಟಿದೆವು. ಗೋದಾವರಿ ಕಂಡಾಗ ಅದು ಹೊಳೆ ಎಂದು ನಂಬಲು ನನಗೆ ಹೊತ್ತು ಹಿಡಿಯಿತು. ಲಾಂಚಿ ನಮ್ಮ ಅಕ್ಕಿ ಗೋದಾಮಿನಷ್ಟು ದೊಡ್ಡದಿತ್ತು, ಮೇಲೆ ತಗಡಿನ ಮಾಡು, ಕೆಳಗೆ ಹಾಸಿದ ಜಮಖಾನೆ. ಮೊದಲ ದಿನ ನಾನು ನಾಲ್ಕೈದು ಮಾತಾಡಿದ್ದರೆ ಹೆಚ್ಚು. ಎರಡನೆಯ ದಿನ ಬೆಟ್ಟಗಳು ಎರಡೂ ಕಡೆಯಿಂದ ಹತ್ತಿರ ಸರಿದು ನೀರು ಕಪ್ಪಾದ ಕಡೆ, ಬಾವಿಯ ಕಥೆ ಶುರು ಮಾಡಿದೆ. ನಮ್ಮವ್ವ, ಹಗ್ಗ, ಬೇಸಿಗೆಯಲ್ಲಿ ತಳ ಕಾಣುವ ನೀರಿಗಾಗಿ ಸರದಿ ಕಾಯುವುದು. ಅವರು ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳುತ್ತಿದ್ದರು. ಬೇಸರವಾದಂತೆ ಕಾಣಲಿಲ್ಲ.

ಆಗಲೇ ರಾಜಮಹೇಂದ್ರಿಯ ಸಾಹುಕಾರರು, ಊಟವಾಯಿತೇ ಎಂದು ವಿಚಾರಿಸಲು ನಮ್ಮ ಕಡೆ ಬಂದರು. ಮಾವನ ವಯಸ್ಸು, ಮಾವನಂಥದೇ ರುಮಾಲು. ನನ್ನ ಕೈ ಸೆರಗಿಗೆ ಹೋಯಿತು, ಒಂದು ಮೊಣಕಾಲು ಮೇಲೆದ್ದಿತು.

ಗಂಡ, ಅಷ್ಟು ಮಂದಿಯ ಎದುರಿಗೆ, ನನ್ನ ಮಣಿಕಟ್ಟು ಹಿಡಿದರು. "ಕುಂದ್ರು," ಎಂದರು. "ದೋಣಿ ಡಬ್ಬ ಬೀಳತೈತಿ."

ಆ ಲಾಂಚಿಯಲ್ಲಿ ಒಂದು ದಿಬ್ಬಣದ ಮಂದಿ ಎದ್ದು ಕುಣಿದರೂ ಅದು ಅಲುಗುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಕೂತೇ ಇದ್ದೆ.