ಸೊಟ್ಟಗಾದ ಮೂರು ಪಿನ್ನುಗಳು

ಮೂರು ವರ್ಷಗಳ ಹಿಂದಿನ ಮಾತು. ರೋಣದ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಆಗ ಹದಿನಾಲ್ಕು ವರ್ಷ ತುಂಬಿತ್ತು. ನನಗೆ ತಿಳಿಯದ್ದೇನಿದೆ ಎಂಬ ಸೊಕ್ಕೂ ಅಷ್ಟೇ ಬೆಳೆದಿತ್ತು. ಒಂದು ಮಧ್ಯಾಹ್ನ ಗಜೇಂದ್ರಗಡದ ರೇಷ್ಮಾ ತನ್ನ ಕಂಪ್ಯೂಟರ್ ಹೊತ್ತು ಬಂದಳು. ಜೊತೆಗೆ ತಂದೆ ದಸ್ತಗೀರಸಾಬರು, ಗಡಿಯಾರ ರಿಪೇರಿಯವರು.

ಗೇಮ್ ಪಂದ್ಯಗಳಿಗೆ ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡುವ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದಳು. ನಾಲ್ಕು ಗಂಟೆಗೆ ಆನ್‌ಲೈನ್ ಪರೀಕ್ಷೆ. ಇಂಟರ್ನೆಟ್ ಗಟ್ಟಿಯಿದೆಯೆಂದು ನನ್ನ ಅಂಗಡಿಯಲ್ಲೇ ಕೂರುವವಳಿದ್ದಳು. ಗೇಮ್, ರೆಕಾರ್ಡಿಂಗ್, ನೇರ ಪ್ರಸಾರ ಮೂರೂ ಒಟ್ಟಿಗೆ ಓಡಬೇಕು. ಅವಳ ಪ್ರೊಸೆಸರಿಗೆ ನಾಲ್ಕೇ ಕೋರು. ಕೋರು ಎಂದರೆ ದುಡಿಯುವ ಒಂದು ಜೋಡಿ ಕೈ ಎಂದುಕೊಳ್ಳಿ. ಎಲ್ಲಕ್ಕಿಂತ ದೊಡ್ಡದನ್ನೇ ಹಾಕಿ ಎಂದಳು. ಅದನ್ನು ಅವಳ ಮದರ್‌ಬೋರ್ಡು ತಾಳುವುದಿಲ್ಲವೆಂದು ಎಂಟು ಕೋರಿನದನ್ನು ಆರಿಸಿದೆ.

ಆಯ್ಕೆ ಸರಿಯಿತ್ತು, ಕೈ ತಪ್ಪಿತು. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ, ಪ್ರೊಸೆಸರಿಗೂ ಫ್ಯಾನಿಗೂ ನಡುವೆ ಹಚ್ಚಿದ ಪೇಸ್ಟು ಬಿಸಿಯಾಗಿ ಸಡಿಲಾದ ಮೇಲೆ ಫ್ಯಾನು ತೆಗೆಯಬೇಕು. ನಾನು ತಣ್ಣಗಿದ್ದಾಗಲೇ ಎಳೆದೆ. ಫ್ಯಾನಿಗಂಟಿ ಪ್ರೊಸೆಸರೇ ಕಿತ್ತು ಬಂತು, ಅದರಡಿಯ ಮೂರು ಪಿನ್ನು ಸೊಟ್ಟ. ಮೊದಲೇ ಮಾಡಬೇಕಿದ್ದ ಬಯಾಸ್ ಅಪ್‌ಡೇಟ್ ಆಗ ನೆನಪಾಯಿತು. ಬಯಾಸ್ ಎಂದರೆ ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶ. ಅದನ್ನು ಹೊಸದು ಮಾಡದಿದ್ದರೆ ಬೋರ್ಡು ಹೊಸ ಪ್ರೊಸೆಸರನ್ನು ಗುರುತಿಸದು. ಬಯಾಸ್ ಹೊಸದು ಮಾಡಲು ಸೊಟ್ಟಗಾದ ಆ ಹಳೆಯ ಪ್ರೊಸೆಸರೇ ಬೇಕು. ಗಂಟೆ ಎರಡೂವರೆ.

ರೇಷ್ಮಾ ಹೊರಗೆ ಫೋನಿನಲ್ಲಿದ್ದಳು. “ಹಳೇದ್ರಿ ಚಾಚಾ, ಸುಟ್ಟಂಗ ಐತಿ” ಎಂದು ಅವಳ ತಂದೆಗೆ ಸುಳ್ಳು ಹೇಳಿದೆ.

ಅವರು ಬಗ್ಗಿ ನೋಡಿದರು. “ಸುಟ್ಟಿಲ್ಲ ತಮ್ಮಾ, ಸೊಟ್ಟ ಆಗೇತಿ. ಮೊದ್ಲ ಆಕಿಗೆ ಖರೇ ಹೇಳು. ಆಮ್ಯಾಲ ನಾ ಚಿಮಟ ಹಿಡೀತೀನಿ.”

ರೇಷ್ಮಾಳನ್ನು ಒಳಗೆ ಕರೆದು, ನಾಚಿಕೆಯಿಂದ ನೆಲ ನೋಡುತ್ತ ಹೇಳಿದೆ. ಅವಳು ಬಯ್ಯಲಿಲ್ಲ, ಸ್ಟೂಲ್ ಎಳೆದು ಕೂತಳು. ದಸ್ತಗೀರಸಾಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಒಂದೊಂದೇ ಪಿನ್ನು ಎತ್ತಿದರು. ಮುರಿದರೆ ಮುಗಿಯಿತು. ಮೂರನೆಯದಕ್ಕೆ ನಾನು ಕಣ್ಣು ಮುಚ್ಚಿಕೊಂಡೆ.

ಹಳೇ ಪ್ರೊಸೆಸರ್ ಕೂರಿಸಿದಾಗ ಪರದೆ ಬೆಳಗಿತು. ನಡುವೆ ಕರೆಂಟ್ ಹೋದರೆ ಬೋರ್ಡೇ ಸಾಯುತ್ತದೆಂದು ಇನ್ವರ್ಟರಿಗೆ ಜೋಡಿಸಿ ಅಪ್‌ಡೇಟ್ ಮಾಡಿ, ಹೊಸ ಪ್ರೊಸೆಸರ್ ಹಾಕಿದೆ. ನಾಲ್ಕಕ್ಕೆ ಐದು ನಿಮಿಷವಿರುವಾಗ ಎಂಟು ಕೋರುಗಳೂ ಓಡುತ್ತಿದ್ದವು.

ಅವಳಿಗೆ ಕೆಲಸ ಸಿಕ್ಕಿತು. ತಿಂಗಳ ನಂತರ ನರಗುಂದದ ಗೆಳತಿಯನ್ನು ಅಂಗಡಿಗೆ ಕರೆತಂದು, “ಇವ್ರು ತಪ್ಪ ಮಾಡಿದ್ರ ಮುಚ್ಚಿಡೂದಿಲ್ಲ” ಎಂದಳು. ನಾನು ಮುಚ್ಚಿಡಲು ಹೊರಟಿದ್ದನ್ನು ಅವಳಪ್ಪ ಮನೆಯಲ್ಲೂ ಹೇಳಿರಲಿಲ್ಲ. ಅವಳ ಆ ಮಾತನ್ನು ಖರೇ ಮಾಡಲು ನಾನು ಇವತ್ತಿಗೂ ದುಡಿಯುತ್ತಿದ್ದೇನೆ.