ಪಾತ್ರಕ್ಕೆ ಜನ ಬೇಕು

ಕೇಳಿ ಸ್ನೇಹಿತರೇ, ಇವತ್ತು ನನ್ನದೊಂದು ಅಕ್ಷರ ತಪ್ಪಿಗೆ ಒಂಬತ್ತು ಜನ ಸೇವಾಮನೋಭಾವದವರು ಸಿಕ್ಕಿಬಿದ್ದರು.

ಉತ್ತರ ಭಾರತದ ಪೀತಮ್‌ಪುರದ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಕೃತಜ್ಞತಾ ಆರಾಧನೆ, ಆಮೇಲೆ ಊಟ. ಅಡುಗೆಮನೆ ನನ್ನ ಜವಾಬ್ದಾರಿ. ಬೆಳಿಗ್ಗೆ ಎಲ್ಲರಿಗೂ ಎಸ್ಸೆಮ್ಮೆಸ್ ಕಳಿಸಿದೆ: 'ಊಟದ ನಂತರ ಪಾತ್ರೆಗೆ ಜನ ಬೇಕು.' ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುವ ಗಡಿಬಿಡಿಯಲ್ಲಿ ಅದು 'ಪಾತ್ರಕ್ಕೆ ಜನ ಬೇಕು' ಎಂದಾಗಿತ್ತು.

ಊಟ ಮುಗಿದದ್ದೇ ತಡ, ಅಡುಗೆಮನೆ ಬಾಗಿಲಿಗೆ ಒಂಬತ್ತು ಜನ ಬಂದು ನಿಂತರು. ನನಗೆ ಕಣ್ಣು ತುಂಬಿ ಬಂತು. ಸರ್ಕಾರಿ ಅಧಿಕಾರಿ ವಿಲ್ಸನ್ ಅಂಕಲ್ ಬಿಳಿ ಬೆಡ್‌ಶೀಟ್ ಹೊದ್ದು ಬಂದಿದ್ದರು. "ಶಿಷ್ಯರ ಪಾದ ತೊಳೆಯೋ ಸೀನ್ ಇದ್ರೆ ಯೇಸು ನಾನೇ ಕಣಮ್ಮಾ. ಮೊಣಕಾಲೂರಿ ತೊಳೀತೀನಿ, ನೋಡಿದವರು ಅಳಬೇಕು," ಅಂದರು. ಅವರ ಮಗಳು, "ಆಂಟಿ, ಮೇರಾ ಡೈಲಾಗ್ ಕ್ಯಾ ಹೈ?" ಎಂದು ಹಿಂದಿಯಲ್ಲಿ ತನ್ನ ಡೈಲಾಗ್ ಕೇಳಿದಳು.

"ಪಾತ್ರ ಅಲ್ಲ ಅಂಕಲ್, ಪಾತ್ರೆ," ಎಂದು ತಳ ಹಿಡಿದ ಬಿಸಿಬೇಳೆಬಾತಿನ ಡಬರಿ ತೋರಿಸಿದೆ.

"ಅಚ್ಛಾ," ಎಂದರು ಅಂಕಲ್, ಬೆಡ್‌ಶೀಟ್ ಮಡಚುತ್ತಾ. "ನನಗೆ ಮೊಣಕಾಲು ನೋವು ನೋಡು, ನಿಂತು ಕೆಲಸ ಆಗಲ್ಲ." ಉಳಿದ ಎಂಟು ಜನರಿಗೂ ಅದೇ ಕ್ಷಣ ಏನೇನೋ ಕೆಲಸ ನೆನಪಾಯಿತು.

ಯಾರೂ ಮನೆಗೆ ಹೋಗಿರಲಿಲ್ಲ ಅನ್ನೋದು ಗೊತ್ತಾದದ್ದು ವಂದನಾರ್ಪಣೆಯಲ್ಲಿ. ಒಂಬತ್ತು ಜನ ಅಡುಗೆಮನೆಗೆ ಬಂದದ್ದನ್ನಷ್ಟೇ ನೋಡಿದ್ದ ಪಾಸ್ಟರ್ ಅಯ್ಯನವರ ದನಿ ಹಾಲ್‌ನಿಂದ ಮೈಕಿನಲ್ಲಿ ಕೇಳಿಸಿತು: "ಸೇವೆಗೆ ಕರೆದ ಕೂಡಲೇ ಮುಂದೆ ಬಂದ ಆ ಒಂಬತ್ತು ಮಂದಿ ದಯವಿಟ್ಟು ಎದ್ದು ನಿಲ್ಲಿ." ಚಪ್ಪಾಳೆಯೋ ಚಪ್ಪಾಳೆ.

ನಾನು ಹೊಸದಾಗಿ ಎದ್ದು ನಿಲ್ಲಬೇಕಾಗಿರಲಿಲ್ಲ. ಸಿಂಕಿನ ಮುಂದೆ ಆಗಲೇ ನಿಂತಿದ್ದೆ.