ಹಾಲಿನ ಪುಡಿಯ ಗಂಟು

ಚಿಗಟೇರಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅನ್ನದಾನಮ್ಮ ಬಿಸಿಯೂಟದ ಮುಖ್ಯ ಅಡುಗೆಯವಳು. ಅಡುಗೆಯಲ್ಲಿ ಕೈಜೋಡಿಸಲೆಂದು ಶೈಲಾ ಬಂದು ಸೇರಿದ ಮೇಲೆ ಆಕೆಯ ನೆಮ್ಮದಿ ಹಾರಿಹೋಗಿತ್ತು. ಶೈಲಾ ಮೈಗಳ್ಳಿಯಲ್ಲ, ಎದುರು ಮಾತಾಡುವವಳೂ ಅಲ್ಲ. ಏನು ಹೇಳಿದರೂ ‘ಹ್ಞೂಂನ್ರಿ ಅಕ್ಕ’ ಅನ್ನುವವಳು. ಅಂದು ಮುಗಿಸಿ ತನಗೆ ತೋಚಿದಂತೆ ಮಾಡುವವಳು.

ಬೆಳಿಗ್ಗೆ ಮಕ್ಕಳಿಗೆ ಹಾಲು ಕೊಡಬೇಕು. ಹಾಲಿನ ಪುಡಿಯನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಆಮೇಲೆ ಕಾದ ನೀರಿಗೆ ಹಾಕಬೇಕು. ಶೈಲಾ ಪ್ಯಾಕೆಟ್ ಹರಿದು ಕುದಿಯುವ ನೀರಿಗೇ ಸುರಿಯುತ್ತಿದ್ದಳು. ಹಂಡೆಯ ತುಂಬ ಗಂಟೋ ಗಂಟು.

“ನಿನ್ನ ತಲಿಯಾಗೇನು ಹೊಟ್ಟು ತುಂಬೈತೇನ? ಎಷ್ಟು ಸಲ ಹೇಳ್ಬೇಕ ನಿನಗ? ತಾ ಇಲ್ಲಿ!”

ಹೀಗೆ ಬೈದು ಅನ್ನದಾನಮ್ಮ ಸೌಟು ಕಸಿದುಕೊಂಡು ಎಲ್ಲ ತಾನೇ ಮಾಡುತ್ತಿದ್ದಳು. ಕಲಿಸುವುದೆಂದರೆ ಕಸಿದುಕೊಳ್ಳುವುದು ಎಂದೇ ಆ ಮಹಾತಾಯಿಯ ತಿಳುವಳಿಕೆ. ಶೈಲಾ ಪಕ್ಕದಲ್ಲಿ ಕೈಕಟ್ಟಿ ನಿಲ್ಲುವಳು. ಒಂದು ದಿನವಾದರೂ ಪೂರ್ತಿ ಅಡುಗೆ ಅವಳ ಕೈಗೆ ಬಂದಿರಲಿಲ್ಲ.

ಅನ್ನದಾನಮ್ಮನ ಸಿಟ್ಟಿಗೆ ಬೇರೆ ಕಾರಣವೂ ಇತ್ತು. ಮಗಳು ಅರ್ಚನಾಳ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಿತ್ತು. ಆದರೆ ಶಾಲೆಯಲ್ಲಿ ಬದಲಿಗೆ ಯಾರೂ ಇರಲಿಲ್ಲ. ಹಸಿ ಬಾಣಂತಿಯನ್ನು ಮನೆಯಲ್ಲಿ ಬಿಟ್ಟು ಈಕೆ ಊರ ಮಕ್ಕಳಿಗೆ ಬೇಯಿಸಲು ಓಡಿದ್ದಳು. ಮಗಳಿಗೆ ನೀರೆರೆದವಳು ಪಕ್ಕದ ಮನೆಯ ಗಾಳೆಮ್ಮ. ಈಗ ಅರ್ಚನಾ ಮತ್ತೆ ಬಸುರಿ. ತವರಿಗೆ ಕರೆಯಲು ಗಂಡನ ಮನೆಗೆ ಹೋದರೆ, “ಬ್ಯಾಡವ್ವ, ನಾ ಇಲ್ಲೇ ಹಡಗಲಿಯಾಗ ಇರ್ತೀನಿ. ನೀ ಹೆಂಗೂ ಸಾಲಿಗಿ ಹೋಗಾಕಿ” ಅಂದುಬಿಟ್ಟಳು. ಈ ಸಲವಾದರೂ ಮಗಳ ಬಾಣಂತನ ಮಾಡಬೇಕು, ಅದಕ್ಕೆ ಈ ಶೈಲಾ ಪಳಗಬೇಕು. ಇವಳೋ, ಪಳಗುವ ಲಕ್ಷಣವೇ ಇಲ್ಲ!

ಒಂದು ಬೆಳಿಗ್ಗೆ ಒಲೆ ಹಚ್ಚುವಾಗಲೇ ಅಳಿಯನ ಫೋನು ಬಂತು. ಅರ್ಚನಾಳಿಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ. ಅನ್ನದಾನಮ್ಮ ಸೌಟನ್ನು ಶೈಲಾಳ ಕೈಗೆ ತುರುಕಿ ಬಸ್ಸು ಹತ್ತಿದಳು. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಫೋನು ಮಾಡಿದಳು, ದಾರಿಯುದ್ದಕ್ಕೂ ಮಾಡಿದಳು. ಶೈಲಾ ಎತ್ತಲಿಲ್ಲ. ಹಾಳಾದವಳು ಏನು ಅನಾಹುತ ಮಾಡಿಕೊಂಡಳೋ! ನಾಳೆಯೇ ತಿರುಗಿ ಹೋಗುವ ಗತಿ ಬಂತಲ್ಲ ಎಂದು ಅಳುವೇ ಬಂತು.

ಹಡಗಲಿ ಮುಟ್ಟುವಷ್ಟರಲ್ಲಿ ಮೊಮ್ಮಗಳು ಹುಟ್ಟಿದ್ದಳು. ಕೂಸನ್ನು ಎತ್ತಿಕೊಂಡು ಕುಂತಾಗ ಶೈಲಾಳ ಫೋನು ಬಂತು.

“ಎಲ್ಲಿ ಸತ್ತಿದ್ದೆಲೇ?”

“ಕೈಗೆ ಬಿಡುವ ಇರ್ಲಿಲ್ರಿ ಅಕ್ಕ. ಹಾಲು ಕಲಸುವಾಗ ನೀವು ಬೈದಂಗ ನನಗ ನಾನೇ ಬೈಕೊಂಡೆ. ಒಂದೂ ಗಂಟಾಗ್ಲಿಲ್ಲ ನೋಡ್ರಿ. ಸಾಂಬಾರನೂ ಹುಡುಗ್ರು ಎರಡನೇ ಸಲ ಹಾಕಿಸ್ಕೊಂಡ್ರು. ನೀವು ಬಾಣಂತನ ಮುಗಿಸ್ಕೊಂಡೇ ಬರ್ರಿ.”

“ನನ್ನ ಯಾರೂ ಕೇಳ್ಲಿಲ್ಲೇನ?”

“ಇಲ್ರಿ ಅಕ್ಕ.”

ಅನ್ನದಾನಮ್ಮನಿಗೆ ಚುರುಕ್ಕೆಂದಿತು. ಒಬ್ಬರಾದರೂ ಕೇಳಬಾರದಿತ್ತೇ? ಸಿಟ್ಟಿನಲ್ಲೇ ಫೋನು ಇಟ್ಟಳು.

“ಅವ್ವ, ನಾಳಿ ಎಷ್ಟೊತ್ತಿನ ಬಸ್ಸಿಗೆ ಹೋಗ್ತಿ?” ಅರ್ಚನಾ ಕೇಳಿದಳು.

“ಎಲ್ಲಿಗೆ ಹೋಗ್ಲಿ? ಅಲ್ಲಿ ನನ್ನ ಕೇಳೋರ ಇಲ್ಲ. ಈ ಸಲ ನಿನಗ ನಾನೇ ನೀರು ಎರೀತೀನಿ.”

ಅರ್ಚನಾ ಗೋಡೆಯ ಕಡೆಗೆ ಹೊರಳಿ ಬಿಕ್ಕಿದಳು.

“ಹಸಿ ಮೈಯಾಗ ಅಳಬಾರ್ದು, ಸುಮ್ನಿರು” ಎಂದು ಗದರಿದ ಅನ್ನದಾನಮ್ಮನ ಕಣ್ಣೂ ತುಂಬಿತ್ತು.